ಕೆಂಪು ದಾರದ ಬಾಟಲಿ

ಓದುವ ಮೊದಲು ಒಮ್ಮೆ ಮೂಗಿನ ತುಂಬ ಉಸಿರೆಳೆದುಕೊಳ್ಳಿ... ಒಲೆಯ ಮೇಲಿನ ಒಗ್ಗರಣೆ ಘಮ್ಮೆಂದರೆ ನೀವು ಪುಣ್ಯವಂತರು.

ದಾಕ್ಷಾಯಿಣಿಗೆ ಆ ಪುಣ್ಯ ತಪ್ಪಿಹೋಗಿತ್ತು.

ಮೈಸೂರಿನ ಅವಳ ಬಡಾವಣೆಯಲ್ಲಿ ಅವಳ ಸಾಂಬಾರ್ ಪುಡಿ ಎಂದರೆ ಹೆಸರುವಾಸಿ. ಧನಿಯ ಯಾವಾಗ ಇಳಿಸಬೇಕೆಂದು ಹೇಳುತ್ತಿದ್ದುದು ಅವಳ ಮೂಗು. ಸೈನಸ್ ಕಾಯಿಲೆ ಬಂದು ಆ ಮೂಗೇ ಕೈಕೊಟ್ಟಿತು... ಪುಡಿ ಸೀಯತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು.

ಕೊನೆಗೆ ಒಂದು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ನಡೆಯುತ್ತಿದ್ದ ಸಂಶೋಧನೆಗೆ ಸೇರಿಕೊಂಡಳು.

"ನೋಡೀಮ್ಮ, ಕೆಲವರ ಸ್ಪ್ರೇ ಬಾಟಲಿಯಲ್ಲಿ ಔಷಧಿ ಇರುತ್ತೆ, ಕೆಲವರದ್ರಲ್ಲಿ ಬರೀ ಉಪ್ಪುನೀರು," ಎಂದರು ಡಾಕ್ಟರ್. "ಯಾರಿಗೆ ಯಾವುದು ಅಂತ ಮುಗಿಯೋವರೆಗೂ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಉಪ್ಪುನೀರು ಸಿಕ್ಕಿದವರಿಗೆ ಆಮೇಲೆ ಔಷಧಿ ಕೊಡ್ತೀವಿ. ಎಲ್ಲರೂ ದಿನಾ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸಿ ಅಭ್ಯಾಸ ಮಾತ್ರ ಮಾಡ್ಲೇಬೇಕು."

ಅಲ್ಲಿಯ ಬೆಂಚಿನ ಮೇಲೆ ಪರಿಚಯವಾದವಳು ತಾಯಮ್ಮ. ಹತ್ತಿರದ ಹಳ್ಳಿಯವಳು, ಅದೇ ಕಾಯಿಲೆ, ಅದೇ ಸಂಶೋಧನೆ.

ಮೊದಲ ದಿನವೇ ದಾಕ್ಷಾಯಿಣಿ ಪುಡಿ ಸೀದ ಕಥೆಯನ್ನೆಲ್ಲ ಅವಳೆದುರು ಹೇಳಿಕೊಂಡು ಅತ್ತಿದ್ದಳು. ತಾಯಮ್ಮ ತನ್ನ ಕಷ್ಟ ಏನೂ ಹೇಳಲಿಲ್ಲ... ಸೆರಗು ಕೊಟ್ಟು ಕಣ್ಣೊರೆಸಿಕೊಳ್ಳಿ ಅಂದಳು, ಅಷ್ಟೇ.

ಮುಂದಿನ ಭೇಟಿಯಲ್ಲಿ ತಾಯಮ್ಮ ಓಡೋಡಿ ಬಂದಳು. "ಅಕ್ಕಾ, ಇವತ್ತು ಬಸ್ಸಲ್ಲಿ ಯಾರೋ ಮುಡಿದಿದ್ದ ಮಲ್ಲಿಗೆ ಹೂವಿನ ವಾಸನೆ ಬಂದಂಗಾಯ್ತು ಕಣಕ್ಕ!"

"ಒಳ್ಳೇದಾಯ್ತು ಬಿಡವ್ವ" ಎಂದಿತು ಬಾಯಿ. ಹೊಟ್ಟೆಯೊಳಗೆ ಮಾತ್ರ ಬೆಂಕಿ ಬಿದ್ದಿತ್ತು!

ಅವಳಿಗೇ ಔಷಧಿ ಸಿಕ್ಕಿದೆ, ನನಗೆ ಉಪ್ಪುನೀರು... ಅವಳಿಗೇನು ಅಂಗಡಿಯಾ, ವ್ಯಾಪಾರವಾ? ವಾಸನೆ ಬಂದು ಅವಳಿಗೆ ಆಗಬೇಕಾದ್ದೇನು?

ಅಂದಿನಿಂದ ಸ್ಪ್ರೇ ಹಾಕಿದರೆ ಹಾಕಿದಳು, ಬಿಟ್ಟರೆ ಬಿಟ್ಟಳು. ಉಪ್ಪುನೀರಿಗೆ ಯಾಕಿಷ್ಟು ಸಡಗರ ಎಂದು ಲವಂಗದ ಡಬ್ಬಿಯನ್ನೂ ಅಟ್ಟದ ಮೇಲೆ ಎಸೆದಳು. ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಅಭ್ಯಾಸವೂ ಬೇಕಾಗಲಿಲ್ಲ ನೋಡಿ!

ಮತ್ತೊಂದು ಭೇಟಿಯಲ್ಲಿ ಇಬ್ಬರಿಗೂ ಹೊಸ ಬಾಟಲಿ ಕೊಟ್ಟರು. ತಾಯಮ್ಮ ಎಂದಿನಂತೆ ತನ್ನದರ ಕತ್ತಿಗೆ ಕೆಂಪು ದಾರ ಕಟ್ಟಿದಳು. ಮನೆಯಲ್ಲಿ ಅತ್ತೆಯ ಔಷಧಿಗಳದ್ದೇ ರಾಶಿ, ಕಲಸಿಹೋಗಬಾರದಲ್ಲ...

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. "ಬ್ಯಾಗ್ ನೋಡ್ಕಳಿ ಅಕ್ಕ" ಎಂದು ಹೋದಳು.

ದಾಕ್ಷಾಯಿಣಿ ಆಚೀಚೆ ನೋಡಿದಳು... ದಾರ ಬಿಚ್ಚಿ ತನ್ನ ಬಾಟಲಿಗೆ ಕಟ್ಟಿ, ತಾಯಮ್ಮನ ಬ್ಯಾಗಿಗೆ ಹಾಕಿದಳು. ತಾಯಮ್ಮನದ್ದು ತನ್ನ ಬ್ಯಾಗ್ ಸೇರಿತು.

ಆಮೇಲೆ ನೋಡಬೇಕಿತ್ತು ಅವಳ ಶ್ರದ್ಧೆ! ಹೊತ್ತಿಗೆ ಸರಿಯಾಗಿ ಸ್ಪ್ರೇ, ಹೊತ್ತಿಗೆ ಸರಿಯಾಗಿ ಲವಂಗ. ಆದರೂ ಮೂಗು ಕಲ್ಲಿನಂತೆ ಕೂತಿತ್ತು.

ಕೊನೆಯ ಭೇಟಿಯಲ್ಲಿ ನರ್ಸ್ ಖಾಲಿ ಬಾಟಲಿಗಳನ್ನು ತಿರುಗಿಸಿ, ತಳದಲ್ಲಿ ಬರೆದಿದ್ದ ನಂಬರ್ ನೋಡಿದರು. "ಡಾಕ್ಟರ್, ಇವರಿಬ್ಬರ ನಂಬರ್ ಅದಲುಬದಲಾಗಿದೆ!"



"ನಂದೇ ತಪ್ಪು ಡಾಕ್ಟ್ರೇ," ಎಂದಳು ತಾಯಮ್ಮ. "ಬೆಂಚಿನ ಮೇಲೆ ಒಟ್ಟಿಗಿಟ್ಟು, ನೋಡ್ದೆ ಎತ್ಕೊಂಬಿಟ್ಟೆ."

"ಏನಮ್ಮಾ ಇದು! ನಿಮ್ಮಿಬ್ಬರ ಫಲಿತಾಂಶ ಇನ್ನು ಲೆಕ್ಕಕ್ಕೇ ಬರಲ್ಲ. ಇಷ್ಟು ದಿನದ ಕೆಲಸ ನೀರಲ್ಲಿ ಹೋಮ ಆಯ್ತಲ್ಲ!"

ತಾಯಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ದಾಕ್ಷಾಯಿಣಿ ಬ್ಯಾಗನ್ನು ಅವಚಿಕೊಂಡು ಗೋಡೆ ನೋಡುತ್ತ ನಿಂತಳು...

ಸಂಶೋಧನೆ ಮುಗಿದ ಮೇಲೆ ಇಬ್ಬರನ್ನೂ ಕರೆದು ಡಾಕ್ಟರ್ ಹೇಳಿದರು. "ದಾಕ್ಷಾಯಿಣಿಯವರೇ, ಔಷಧಿ ಇದ್ದದ್ದು ನಿಮ್ಮ ನಂಬರಿನಲ್ಲಿ. ತಾಯಮ್ಮನದ್ದು ಉಪ್ಪುನೀರು. ಬಾಟಲಿ ಬದಲಾದ ಮೇಲೆ ನಿಮ್ಮ ಔಷಧಿ ಅವರಿಗೆ ಹೋಯ್ತು. ಈಗ ಅವರಿಗೆ ಚೆನ್ನಾಗಿ ವಾಸನೆ ಬರ್ತಿದೆ."

"ಮತ್ತೆ... ಮೊದಲೇ ಇವಳಿಗೆ ಮಲ್ಲಿಗೆ ವಾಸನೆ ಬಂತಲ್ಲ?"

"ಮೂಸೋ ಅಭ್ಯಾಸ ಒಂದು ದಿನವೂ ತಪ್ಪಿಸಿಲ್ಲ ಅವರು. ಕೆಲವರಿಗೆ ಅಷ್ಟರಿಂದಲೇ ಶುರುವಾಗುತ್ತೆ."

ಕೈಗೆ ಬಂದ ತುತ್ತನ್ನು ತಾನೇ ಎತ್ತಿ ಕೊಟ್ಟಿದ್ದಳು ದಾಕ್ಷಾಯಿಣಿ!

ಹೊರಗೆ ಅದೇ ಬೆಂಚಿನ ಮೇಲೆ ಕುಸಿದು ಕೂತಳು. "ತಾಯಮ್ಮ... ಬಾಟಲಿ ಬದಲಾಯಿಸಿದ್ದು ನಾನು ಕಣೇ."

"ಗೊತ್ತು ಕಣಕ್ಕ. ನಾನು ದಾರಕ್ಕೆ ಹೂ ಕಟ್ಟೋ ಗಂಟು ಹಾಕ್ತೀನಿ. ಮನೇಲಿ ತೆಗೆದು ನೋಡಿದ್ರೆ... ಪುಡಿ ಪೊಟ್ಟಣ ಕಟ್ಟೋ ಗಂಟು!"

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ನಿನಗೆ ವಾಸನೆ ಬೇಡವಾಗಿತ್ತಾ?"



"ಬೇಕಿತ್ತಕ್ಕ... ನಮ್ಮತ್ತೆಗೆ ಲಕ್ವ ಹೊಡೆದು ಮಾತು ನಿಂತೋಗ್ಬುಟ್ಟದೆ. ಹಾಸಿಗೆ ಒದ್ದೆಯಾದ್ರೂ ಹೇಳಕಾಗಕಿಲ್ಲ. ನನ್ ಮೂಗಿಗೆ ಗೊತ್ತಾಗ್ದೆ ಅದ್ರಲ್ಲೇ ಮಲಗಿದ್ದು ಬೆನ್ನೆಲ್ಲ ಹುಣ್ಣಾಯ್ತು. ಔಷಧಿ ನನ್ ಬಾಟ್ಲೀಲೇ ಅದೆ ಅಂತ ನಾನೂ ಅಂದ್ಕಂಡಿದ್ದೆ. ಆದ್ರೆ ನಂಗೆ ಕೈ ಅದೆಯಲ್ಲ, ಹಾಸಿಗೆ ಆಗಾಗ ಮುಟ್ಟಿ ನೋಡ್ಬೋದು... ಬಾಣಲೇಲಿರೋ ಧನಿಯಾನ ನೀವು ಮುಟ್ಟಿ ನೋಡಕಾದದಾ? ಹೋಗ್ಲಿ, ಅಕ್ಕಂಗೆ ವಾಸಿಯಾಗ್ಲಿ ಅಂತ ಸುಮ್ಕಾದೆ."

ದಾಕ್ಷಾಯಿಣಿ ಅವಳ ಎರಡೂ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಆಮೇಲೆ ಎದ್ದು ಒಳಗೆ ಹೋಗಿ, ಎಲ್ಲರೆದುರು ಡಾಕ್ಟರಿಗೆ ನಿಜ ಹೇಳಿದಳು. ಡಾಕ್ಟರ್ ಬೈದರು... ಬೈಯಬೇಕಾದ್ದೇ. ಬೈದ ಮೇಲೆ ಔಷಧಿಯನ್ನೂ ಕೊಟ್ಟರು.

ಆ ಔಷಧಿ ಕೆಲಸ ಮಾಡುವವರೆಗೆ ಒಲೆ ಆರಿಸಿ ಕೂರುವುದಾದರೂ ಹೇಗೆ? ಅವಳ ಬಾಣಲೆ ತಾಯಮ್ಮನ ಮನೆಯ ಜಗಲಿಗೆ ಬಂತು.

ಈಗ ದಾಕ್ಷಾಯಿಣಿ ಹೊರಗೆ ಧನಿಯ ಹುರಿಯುತ್ತಾಳೆ. ಒಳಗೆ ಅತ್ತೆಯ ಮಗ್ಗುಲು ತಿರುಗಿಸುತ್ತಲೇ ತಾಯಮ್ಮ ಕೂಗುತ್ತಾಳೆ. "ಅಕ್ಕಾ, ಇಳುಸ್ರೀ... ಘಮ್ ಅಂತಾದೆ!"

ಪುಡಿ ಸೀಯುವುದು ನಿಂತಿದೆ. ಅತ್ತೆಯನ್ನು ಎತ್ತಿ ಕೂರಿಸುವಾಗ ಆ ಮನೆಯಲ್ಲಿ ಈಗ ನಾಲ್ಕು ಕೈಗಳಿವೆ.

ಪಕ್ಕದವರ ಬಾಟಲಿಯ ಮೇಲೆ ಕಣ್ಣಿಟ್ಟವರು, ತಮ್ಮ ಕೈಯಲ್ಲಿದ್ದ ಔಷಧಿಯನ್ನೇ ಕಳೆದುಕೊಳ್ಳುತ್ತಾರೆ.

ಇವತ್ತು ನೀವು ಯಾರ ಬಾಟಲಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೀರಿ... ನಿಮ್ಮದನ್ನು ಒಮ್ಮೆಯಾದರೂ ಶ್ರದ್ಧೆಯಿಂದ ಬಳಸಿ ನೋಡಿದ್ದೀರಾ?