ಹೊಸ್ತಿಲ ಮೇಲಿನ ಸದ್ದು

ಕೊರ್ಬಿನಿಯನ್ ಈ ಸಲವೂ ಒಳಗೆ ಬರಲಿಲ್ಲ. ಗೇಟಿನಾಚೆ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ನೋಟ್‌ಬುರ್ಗ ಅಡುಗೆಮನೆಯ ಕಿಟಕಿಯಿಂದ ಅವನನ್ನು ನೋಡಿ, ಕುದಿಯುವ ಸಾರಿಗೆ ಇನ್ನೆರಡು ಬ್ರೆಡ್ಡಿನ ಉಂಡೆ ಬಿಟ್ಟಳು.

ಗೇಟಿಗೆ ಅಡ್ಡವಾಗಿ ಅವಳ ಗಂಡ ಸೆವೆರಿನ್ ನಿಂತಿದ್ದ. ಊರಿನ ರಕ್ಷಣಾ ದಳದ ಮುಖ್ಯಸ್ಥ. ಬೆಟ್ಟದ ದಾರಿ ಅವರ ಅಂಗಳದಿಂದಲೇ ಶುರು; ಸ್ಕೀ ಕಟ್ಟಿಕೊಂಡು ಹತ್ತುವವರೆಲ್ಲ ಒಬ್ಬೊಬ್ಬರಾಗಿ ಅವನೆದುರು ಹಾಯಬೇಕು. ಅವರ ಎದೆಗೆ ಕಟ್ಟಿದ ಯಂತ್ರದ ಕೂಗು ಅವನ ಕೈಯಲ್ಲಿರುವ ಯಂತ್ರಕ್ಕೆ ಕೇಳಬೇಕು. ಹಿಮ ಜರಿದು ಹೂತುಹೋದವರಿಗೆ ಆ ಕೂಗೊಂದೇ ಗತಿ.

ಇವತ್ತು ಬಂದಿದ್ದ ಐವರನ್ನೂ ಅವನು ವಾಪಸ್ ಕಳಿಸಿದ. ಗಾಳಿ ಉತ್ತರದ ಇಳಿಜಾರಿನಲ್ಲಿ ಹಿಮ ತಂದು ಪೇರಿಸಿದೆ, ಒಬ್ಬನ ಭಾರ ಬಿದ್ದರೂ ಸಾಕು, ಇಡೀ ಹಾಸು ಜಾರುತ್ತದೆ ಎಂದ. ಕಳಿಸುವ ಮುಂಚೆ ಬೇಕೆಂದೇ ಗಟ್ಟಿಯಾಗಿ ಪಾಠ ಹೇಳಿದ.

"ಒಬ್ಬ ಹೂತುಹೋದ್ರೆ ಮೇಲಿರೋರ ಯಂತ್ರ ಎಲ್ಲಾ ಬಾಯಿ ಮುಚ್ಚಬೇಕು. ಹಿಮದಡೀದೊಂದೇ ಕೂಗ್ಬೇಕು; ಇಲ್ದಿದ್ರೆ ಹುಡುಕೋ ಯಂತ್ರ ಹತ್ತಿರದ ಕೂಗಿನ ಕಡೆಗೇ ಎಳೆಯುತ್ತೆ. ಹುಡುಕೋನು ಗುಂಡಿ ತಿರುಗಿಸಿ ತನ್ನ ಕೂಗು ನಿಲ್ಲಿಸೋಕೆ ಮರೆತ್ರೆ ಏನಾಗುತ್ತೆ ಗೊತ್ತಾ? ಅಗೋ, ಆಚೆ ನಿಂತಿದಾನಲ್ಲ, ಅವನನ್ನ ಕೇಳಿ."

ಕೊರ್ಬಿನಿಯನ್ ತಲೆ ತಗ್ಗಿಸಿದ.

ಆರು ಚಳಿಗಾಲಗಳ ಹಿಂದೆ ಮೂವರು ಮೇಲೆ ಹೋಗಿದ್ದರು: ಸೆವೆರಿನ್, ಮಗಳು ಅಫ್ರಾ, ಈಸ್ಟರ್‌ಗೆ ಅವಳನ್ನು ಮದುವೆಯಾಗಬೇಕಿದ್ದ ಕೊರ್ಬಿನಿಯನ್. ಹಿಮ ಅಫ್ರಾಳನ್ನಷ್ಟೇ ಎಳೆದುಕೊಂಡಿತು. ಮುಂದಿನದನ್ನು ಸೆವೆರಿನ್ ಎಷ್ಟು ಸಲ ಹೇಳಿದ್ದನೆಂದರೆ ನೋಟ್‌ಬುರ್ಗಳಿಗೆ ಅದು ಬಾಯಿಪಾಠವಾಗಿತ್ತು. ಅಫ್ರಾಳ ಟೊಪ್ಪಿಗೆ ಕಂಡಲ್ಲಿ ಸೆವೆರಿನ್ ಸಲಿಕೆ ಹಿಡಿದು ಅಗೆಯುತ್ತಿದ್ದ. ಯಂತ್ರ ಹಿಡಿದು ಹುಡುಕಬೇಕಾದ ಹುಡುಗ ಅವನ ಸುತ್ತಲೇ ಗಿರಕಿ ಹೊಡೆದ. ಹೋದ, ಮತ್ತೆ ಅಲ್ಲಿಗೇ ಬಂದ. ಕೊನೆಗೆ ಸಲಿಕೆ ಕಿತ್ತೆಸೆದು, ಮಗುವಿನ ಹಾಗೆ ಅವನ ಕೋಟಿನೊಳಗೆ ಕೈ ತೂರಿಸಿ ತಬ್ಬಿಕೊಂಡ. ಅಳುವುದಕ್ಕೆ ಅದೇ ಹೊತ್ತು ಸಿಕ್ಕಿತಂತೆ! ಆಮೇಲೆ ನೇರ ಕೆಳಗೋಡಿ, ಮೂವತ್ತು ಹೆಜ್ಜೆ ದೂರದಲ್ಲಿ ಅವಳನ್ನು ಕಂಡುಹಿಡಿದ. ಅಷ್ಟರಲ್ಲಿ ತಡವಾಗಿತ್ತು. ವಿಚಾರಿಸಿದವರಿಗೆ ತಾನಾಗಿಯೇ ಹೇಳಿದ: ನನ್ನ ಯಂತ್ರದ ಗುಂಡಿ ತಿರುಗಿಸಲು ಮರೆತಿದ್ದೆ.

ದಳಕ್ಕೆ ಸೇರಿಸಿಕೊಳ್ಳಿ ಎಂದು ಅವನು ಕೇಳುತ್ತಿರುವುದು ಇದು ಮೂರನೆಯ ವರ್ಷ. ಸೆವೆರಿನ್ ಇವತ್ತು ಮುಖ್ಯಸ್ಥನ ಜಾಗ ಬಿಟ್ಟುಕೊಡುವವನಿದ್ದ. ಬಿಡುವ ಮುಂಚೆ, ಇವನನ್ನು ಎಂದೂ ಸೇರಿಸಬಾರದೆಂದು ದಳದ ಪುಸ್ತಕದಲ್ಲಿ ಬರೆದಿಡುತ್ತೇನೆ ಎಂದಿದ್ದ. ಪುಸ್ತಕ ಊಟದ ಮೇಜಿನ ಮೇಲಿತ್ತು.

ಸೆವೆರಿನ್ ಸ್ಕೀ ಇಡಲು ಹಿತ್ತಲಿಗೆ ಹೋದಾಗ ನೋಟ್‌ಬುರ್ಗ ಬಟ್ಟಲು ಹಿಡಿದು ಗೇಟಿಗೆ ಬಂದಳು.

"ನೀನೊಂದು ಮಾತು ಹೇಳಿದ್ರೆ ಅವರು ಬರೆಯಲ್ಲ ಕಣೋ."

"ಹೇಳೋದೆಲ್ಲ ಆಗಲೇ ಹೇಳಿದೀನಲ್ಲ ಅತ್ತೆ." ಬಟ್ಟಲಿನ ಬಿಸಿಗೆ ಕೈಯೊಡ್ಡಿ ಅವನು ಕೇಳಿದ, "ಮಾವ ಸರಿಯಾಗಿ ಊಟ ಮಾಡ್ತಾರಾ?"

"ನಿನ್ನ ಬೈದ ದಿನ ಚೆನ್ನಾಗಿ ಮಾಡ್ತಾರೆ."

ಅವನು ನಕ್ಕ. ಆರು ವರ್ಷದಲ್ಲಿ ಅವಳು ಕಂಡ ಮೊದಲ ನಗು. "ಹಾಗಾದ್ರೆ ನಾಳೇನೂ ಬರ್ತೀನಿ."

ಉಂಡೆ ಮುಟ್ಟದೆ ಬಟ್ಟಲು ವಾಪಸ್ ಕೊಟ್ಟು ಇಳಿದು ಹೋದ.

ಅವಳು ಒಲೆಯ ಬಳಿ ಬರುವಷ್ಟರಲ್ಲಿ ಹೊಸ್ತಿಲಿನಿಂದ ಆ ಸದ್ದು ಬಂತು. ಟಕ್. ಮೂವತ್ತು ವರ್ಷಗಳಿಂದ ಸೆವೆರಿನ್ ಎದೆಯ ಯಂತ್ರವನ್ನು ಆರಿಸುವುದು ಹೊಸ್ತಿಲ ಮೇಲೆಯೇ; ಅದಕ್ಕೆ ಮುಂಚೆ ಎಂದೂ ಇಲ್ಲ. ಆ ಸದ್ದು ಕೇಳಿದ ಮೇಲೆಯೇ ಅವಳು ಸೌಟು ಹಿಡಿಯುವುದು.

ಒಂದೇ ಒಂದು ದಿನ ಆ ಸದ್ದು ಬಂದಿರಲಿಲ್ಲ. ಅಫ್ರಾಳನ್ನು ಹೊತ್ತು ತಂದ ದಿನ. ಸೆವೆರಿನ್ ಮರದ ತುಂಡಿನಂತೆ ನಿಂತುಬಿಟ್ಟಿದ್ದ. ಅವಳೇ ಅವನ ಕೋಟು ಬಿಚ್ಚಿದ್ದಳು. ಮರುದಿನ, ತನ್ನ ಯಂತ್ರವನ್ನು ಆರಿಸಿದ್ದು ಯಾರು ಎಂದು ಅವನು ಕೇಳಿದಾಗ "ನಾನೇ" ಎಂದಿದ್ದಳು.

ಸೆವೆರಿನ್ ಪುಸ್ತಕ ತೆರೆದು ನಿಧಾನವಾಗಿ ಬರೆದ, ಸಹಿ ಹಾಕಿದ. ನೋಟ್‌ಬುರ್ಗ ಅವನ ತಟ್ಟೆಗೆ ಎರಡು ಉಂಡೆ ಬಡಿಸಿದಳು. ಅವನು ಹೊಟ್ಟೆತುಂಬ ಉಂಡ.

ಅವಳು ಅಂದು ಹೇಳಿದ್ದು ಸುಳ್ಳು. ಅವಳು ಕೋಟು ಬಿಚ್ಚಿದಾಗ ಯಂತ್ರ ಆಗಲೇ ಬಾಯಿ ಮುಚ್ಚಿತ್ತು. ಬೆಟ್ಟದ ಮೇಲೆ, ಆ ತಬ್ಬುಗೆಯೊಳಗೆ, ಕೊರ್ಬಿನಿಯನ್ ಅದನ್ನು ಆರಿಸಿದ್ದ.