ನಲವತ್ತು ದಿನದ ರಜೆ

ಡಿಪೋದಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಇಪ್ಪತ್ತು ದಿನ ರಜೆ. ಹೆಚ್ಚು ಬೇಕೆಂದವರು ಇರುವ ರಜೆಯನ್ನೇ ಮ್ಯಾನೇಜರರ ಕೋಣೆಯ ರೂಲೆಟ್ ಚಕ್ರದಲ್ಲಿ ಪಣಕ್ಕಿಡಬೇಕು. ಕಂಡಕ್ಟರ್ ನೀಲಾಂಬಿಕೆಗೆ ನಲವತ್ತು ದಿನ ಬೇಕಿತ್ತು. ಚಂದ್ರನ ಮೇಲೆ ಮಂಜುಗಡ್ಡೆಯ ಗಣಿಯಲ್ಲಿ ದುಡಿಯುವ ತಂಗಿ ಗಂಗೂಗೆ ಹೆರಿಗೆ ಹತ್ತಿರವಾಗಿತ್ತು. ಬಾಣಂತನಕ್ಕೆ ಬೇರೆ ಯಾರೂ ಇರಲಿಲ್ಲ.

“ಅಕ್ಕಾರ, ಒಂದೊಂದ ದಿನಾ ಇಟ್ಟ ಆಡ್ರಿ. ಎಲ್ಲಾ ಒಮ್ಮೆಲೆ ಯಾಕ ಕಳಕೋತೀರಿ?” ಎಂದ ಡ್ರೈವರ್ ಫಕ್ಕೀರಗೌಡ.

“ಕೆಂಪು ಹದಿನೆಂಟು, ಕಪ್ಪು ಹದಿನೆಂಟು. ಹಸಿರು ಸೊನ್ನಿ ಬಿದ್ರ ಎರಡೂ ಡಿಪೋದ ಪಾಲು. ಹೆಚ್ಚು ಸಲ ಆಡಿದಷ್ಟೂ ಆ ಸೊನ್ನಿ ನಮ್ಮನ್ನ ತಿಂತದ ತಮ್ಮಾ. ನಾ ಒಂದ ಸಲ ಆಡಿ ಮುಗಸ್ತೇನಿ.”

ಇಪ್ಪತ್ತೂ ದಿನಗಳ ರಜೆಚೀಟಿಗಳನ್ನು ಅವಳು ಕೆಂಪಿನ ಮೇಲಿಟ್ಟಳು. ಗೆದ್ದರೆ ನಲವತ್ತು, ಸೋತರೆ ವರ್ಷವಿಡೀ ಒಂದೂ ಇಲ್ಲ. ಗೋಲಿ ಗಿರ್ರನೆ ಸುತ್ತಿತು. ಬಸ್ಸು ನಿಲ್ಲಿಸಿ ಬಂದವರೆಲ್ಲ ಬಾಗಿಲಲ್ಲಿ ನೆರೆದರು. ಗೋಲಿ ಸೊನ್ನೆಯೊಳಗೆ ಇಳಿದೇಬಿಟ್ಟಿತು ಎನ್ನುವಂತಿತ್ತು. ಅದು ಪುಟಿದು ಪಕ್ಕದ ಮೂವತ್ತೆರಡಕ್ಕೆ ಬಿತ್ತು.

“ಕೆಂಪು!” ಫಕ್ಕೀರಗೌಡ ಕೂಗಿ ಕುಣಿದ.

ಮ್ಯಾನೇಜರರು ಗೋಲಿಯನ್ನು ಮತ್ತೆ ಎತ್ತಿಕೊಂಡರು. “ಕೈ ಚಲೋ ಅದ. ಇನ್ನೊಂದ ಆಟ?”

ಅವಳು ಆಗಲೇ ಫೋನಿನಲ್ಲಿದ್ದಳು. “ಗಂಗೂ, ಬರಾಕತ್ತೇನಿ! ಬಾಣಂತನಕ್ಕ ಅಂಟಿನ ಉಂಡಿ ಎಷ್ಟ ಕಟ್ಟಲಿ ಹೇಳ!”