ಅಮ್ಮ ಕೂತ ಮೂಲೆ

ತ್ರಿಕೋನದ ಮೂರನೆಯ ಮೂಲೆಯಲ್ಲಿ ಅಮ್ಮ ಕೂತಿದ್ದಳು. ಅಂದರೆ, ಅವಳ ಫೋಟೋ.

ಹೊಸ ಸ್ಟೀರಿಯೋ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಬರೆದೇ ತೋರಿಸಿದ್ದರು: ಎರಡು ಸ್ಪೀಕರುಗಳು ಎರಡು ಮೂಲೆಗೆ, ಕೇಳುವವನು ಮೂರನೆಯದಕ್ಕೆ, ಮೂರು ಬದಿಯೂ ಸಮ. ಮೊರಿಯಾಸು ಟೇಪು ಹಿಡಿದು ಚಾಪೆಯ ಮೇಲೆಲ್ಲ ಮಂಡಿಯೂರಿ ಅಳೆದ. ಆ ಪುಟ್ಟ ಕೋಣೆಯಲ್ಲಿ ಪ್ಲಗ್ಗು ಇದ್ದದ್ದು ಒಂದೇ ಗೋಡೆಗೆ. ಎದುರು ಗೋಡೆಗೆ ತೀರಿಕೊಂಡ ಹಿರಿಯರ ಪೂಜೆಯ ಗೂಡು. ಎತ್ತ ಜರುಗಿಸಿ ಅಳೆದರೂ ಮೂರನೆಯ ಮೂಲೆ ಆ ಗೂಡಿನ ಬಾಗಿಲಿಗೇ ಹೋಗಿ ಮುಟ್ಟುತ್ತಿತ್ತು.

“ಬದುಕಿದ್ದಾಗ ಹಾಡು ಅಂದ್ರೆ ಆಗ್ತಿರ್ಲಿಲ್ಲ. ಈಗ ನೋಡಿ, ಅತ್ತೆಗೇ ಒಳ್ಳೇ ಸೀಟು,” ಎಂದಳು ಹೆಂಡತಿ ಸವಾಕೊ, ಅಡುಗೆಮನೆಯಿಂದ ಇಣುಕಿ.

“ಗೂಡನ್ನ ಒಂಚೂರು ಆ ಕಡೆ ಸರಿಸಿದ್ರೆ?”

“ಸರಿಸಿ, ಸರಿಸಿ! ನಲವತ್ತೊಂಬತ್ತನೇ ದಿನದ ಕರ್ಮ ಮೊನ್ನೆ ತಾನೆ ಮುಗೀತು, ಆಗ್ಲೇ ಜಾಗ ಖಾಲಿ ಮಾಡಿಸ್ತೀರಾ? ನಿಮ್ಮಕ್ಕ ಬಂದ್ರೆ ನಿಮ್ಗೇನೂ ಅನ್ನಲ್ಲ. ಎಲ್ಲಾ ನನ್ನ ತಲೆ ಮೇಲೇ ಬರುತ್ತೆ.”

ಮೊರಿಯಾಸು ಟೇಪು ಸುತ್ತಿಟ್ಟ. ಗೂಡಿಗೆ ಬೆನ್ನು ಕೊಟ್ಟು, ಅಮ್ಮನ ಮುಂದೆಯೇ ದಿಂಬು ಹಾಕಿಕೊಂಡು ಕೂತ.

ಅವನು ಸಕಾಯ್ ಊರಿನ ಚಾಕು ಕಾರ್ಖಾನೆಯಲ್ಲಿ ಸಾಣೆ ಹಿಡಿಯುವವನು. ಹಗಲೆಲ್ಲ ಕಿವಿ ಗುಂಯ್ಗುಟ್ಟುವ ಸದ್ದು. ಮನೆಗೆ ಬಂದರೆ ಸೊಳ್ಳೆಯಷ್ಟು ಸಂಗೀತ. ಅಮ್ಮ ಯಾವತ್ತೂ ಬೈದವಳಲ್ಲ. ರೇಡಿಯೋ ಒಂದಿಷ್ಟು ಏರಿತೋ, ಮೆಲ್ಲಗೆ ಬಂದು ಗೂಡಿನ ಮುಂದೆ ಕೂತು, ಅಪ್ಪನ ಫೋಟೋಗೆ ಕೈಮುಗಿದು, ಅಲ್ಲಿದ್ದ ಕಂಚಿನ ಬಟ್ಟಲಿಗೆ ಕೋಲಿನಿಂದ ಒಂದೇ ಒಂದು ಸಲ ಬಡಿಯುತ್ತಿದ್ದಳು. ಚಿಣ್. ಸತ್ತ ಗಂಡನಿಗೆ ಮಗನ ಮೇಲೆ ಒಂದು ದೂರು, ಅಷ್ಟೇ. “ಆಯ್ತಮ್ಮಾ, ಕಮ್ಮಿ ಮಾಡಿದೆ,” ಎಂದು ಇವನು ಗೊಣಗಿಕೊಂಡೇ ಗುಂಡಿ ಇಳಿಸುತ್ತಿದ್ದ. ಮೀಸೆ ಮೂಡುವ ಮುಂಚೆ ಶುರುವಾದ ಈ ವ್ಯವಹಾರ ತಲೆ ನರೆತರೂ ನಿಂತಿರಲಿಲ್ಲ. ಪಕ್ಕದ ಮನೆಯವರಿಗೆ ತೊಂದರೆ ಎನ್ನುವುದು ಅಮ್ಮನ ವಾದ. ಪಕ್ಕದ ಮನೆ ಖಾಲಿಯಾಗಿ ವರ್ಷಗಳೇ ಆದರೂ ಅವಳ ವಾದ ಖಾಲಿಯಾಗಲಿಲ್ಲ.

ಇವತ್ತು ಮಾತ್ರ ಅವನೇ ಯಜಮಾನ. ತಂತಿಗಳ ತುದಿ ಸುಲಿದ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿದ. ಕಹಳೆ, ಡ್ರಮ್ಮು ತುಂಬಿದ ಒಂದು ಸೀಡಿ ಹಾಕಿ ಗುಂಡಿ ತಿರುಗಿಸಿದ. ಎಂಟು. ಹತ್ತು. ಅಮ್ಮನ ಕಾಲದ ಗಡಿ ದಾಟಿತು. ಹನ್ನೆರಡಕ್ಕೆ ಬಂದಾಗ ಡ್ರಮ್ಮಿನವನಿಗೂ ಹುರುಪು ಬಂತು.

ಚಿಣ್.

“ಆಯ್ತಮ್ಮಾ, ಕಮ್ಮಿ—” ಎನ್ನುವಷ್ಟರಲ್ಲಿ ಕೈ ತಾನೇ ಗುಂಡಿ ಇಳಿಸಿಬಿಟ್ಟಿತ್ತು.

ಸವಾಕೊ ಕೈಯಲ್ಲಿ ಮೂಲಂಗಿ ಹಿಡಿದೇ ಓಡಿ ಬಂದಳು. ಇಬ್ಬರೂ ಗೂಡಿನತ್ತ ನೋಡಿದರು. ಬಟ್ಟಲಿಗೆ ಒರಗಿಸಿಟ್ಟ ಕೋಲು ಇನ್ನೂ ಸಣ್ಣಗೆ ನಡುಗುತ್ತಿತ್ತು. ಡ್ರಮ್ಮಿನ ಅದುರು ಚಾಪೆಯಡಿಯ ಹಲಗೆಗಳಲ್ಲಿ ಹರಿದು ಅಲ್ಲಿಗೆ ತಲುಪಿತ್ತು.

“ನಾನೆಲ್ಲೋ ಅತ್ತೆ ವಾಪಸ್ ಬಂದ್ರು ಅಂದ್ಕೊಂಡೆ!” ಎಂದು ಅವಳು ಎದೆ ಒತ್ತಿಕೊಂಡು ನಕ್ಕಳು. “ಈ ವಯಸ್ಸಲ್ಲೂ ಹೆದರ್ತೀರಲ್ರೀ!”

“ಯಾರು ಹೆದರಿದ್ದು? ಹತ್ತು ಯೆನ್ನಿನ ಚಿಲ್ಲರೆ ಇದ್ರೆ ಕೊಡೇ. ಸ್ಪೀಕರ್ ಕಾಲಿಗೆ ಇಟ್ರೆ ಅದುರಲ್ಲ ಅಂತ ಕಾರ್ಖಾನೇಲಿ ಹೇಳ್ತಿದ್ರು.”

ಅವಳ ಪರ್ಸಿನಿಂದ ನಾಣ್ಯಗಳು ಬಂದವು. ಒಂದೊಂದು ಕಾಲಿಗೆ ಒಂದೊಂದನ್ನು ಇಟ್ಟು ಅವನು ಮತ್ತೆ ಕೂತ. ಹನ್ನೆರಡು. ಹದಿನೈದು. ಇಪ್ಪತ್ತು. ಕಾಗದದ ಬಾಗಿಲುಗಳು ಪಟಪಟ ಅಂದವು. ಬಟ್ಟಲು ಮಾತ್ರ ಉಸಿರೆತ್ತಲಿಲ್ಲ. ಪುಸ್ತಕದಲ್ಲಿ ಹೇಳಿದಂತೆಯೇ ಕಹಳೆ ಎಡದಿಂದ, ಡ್ರಮ್ಮು ಬಲದಿಂದ ಬಂದು ಸರಿಯಾಗಿ ಅವನ ನೆತ್ತಿಯ ಮೇಲೆ ಕೂಡಿಕೊಂಡವು. ಒಂದು ಕೊರತೆಯಿಲ್ಲ. ಆದರೂ ಅವನ ಗಮನವೆಲ್ಲ ಬೆನ್ನ ಹಿಂದೆ.

“ಸವಾಕೊ, ಜೋರಾಯ್ತಾ?”

“ಇಲ್ಲ ಬಿಡಿ.”

“ಪಕ್ಕದ ಮನೆಯೋರಿಗೆ...”

“ಅಲ್ಲಿರೋದು ಇಲಿಗಳು. ಅವೇನು ಬಂದು ಕೇಳ್ತಾವಾ? ಸುಮ್ನೆ ಹಾಡು ಕೇಳ್ರೀ.”

ಕೇಳಲಾಗಲಿಲ್ಲ. ಹಾಡು ಅರ್ಧದಲ್ಲಿರುವಾಗಲೇ ನಿಲ್ಲಿಸಿದ. ಸ್ಮಶಾನದಲ್ಲಿ ಬೂದಿಯಿಂದ ಮೂಳೆ ಆಯುವಾಗಲೂ ಅಳದೆ ನಿಂತಿದ್ದವನು ಈಗ ತೋಳಿನಿಂದ ಕಣ್ಣೊರೆಸಿಕೊಂಡ. ಈ ಮನೆಯಲ್ಲಿ ತನಗೆ ಬೇಡ ಎನ್ನುವವರು ಇನ್ನು ಯಾರೂ ಇಲ್ಲ. ಇಷ್ಟು ವರ್ಷ ಬಯಸಿದ ಸ್ವಾತಂತ್ರ್ಯ ಇದೇ ಇರಬೇಕು ಎಂದುಕೊಂಡ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.

ಮರುದಿನ ಸಂಜೆ ಮತ್ತೆ ಕಹಳೆ ಎದ್ದಿತು. ಅಡುಗೆಮನೆಯಲ್ಲಿ ಸವಾಕೊ ತೋಫು ತರಲು ಹೊರಟವಳು ಪರ್ಸು ಬಿಚ್ಚಿ, “ಏನ್ರೀ, ನಿನ್ನೆ ಕೊಟ್ಟ ಚಿಲ್ಲರೆ ಎಲ್ಲಾ ಇಲ್ಲೇ ಇದೆಯಲ್ಲ!” ಎಂದಳು.

ಮೊರಿಯಾಸು ಕೇಳಿಸದವನಂತೆ ಕೂತಿದ್ದ. ಕೋಲನ್ನು ಬಟ್ಟಲಿಗೆ ಮೊದಲಿನ ಹಾಗೆಯೇ ಒರಗಿಸಿಟ್ಟಿದ್ದ. ಗುಂಡಿ ಹತ್ತು ದಾಟಿತು, ಹನ್ನೊಂದು ದಾಟಿತು.

ಚಿಣ್.

“ಆಯ್ತಮ್ಮಾ, ಕಮ್ಮಿ ಮಾಡಿದೆ,” ಎಂದು ಗೊಣಗಿ, ಹಿಂದೆ ತಿರುಗಿಯೂ ನೋಡದೆ ಗುಂಡಿ ಇಳಿಸಿದ. ಸ್ವಲ್ಪ ಹೊತ್ತು ಬಿಟ್ಟು, ಕಳ್ಳನ ಹಾಗೆ, ಮತ್ತೆ ಹನ್ನೆರಡಕ್ಕೆ ಏರಿಸಿದ.